ವಾಸದ ಮನೆ, ವೇಷದ ಮೇಳ: ಗತಕಾಲವನ್ನು ಅನುಭವಿಸುವ ಎರಡು ಬಗೆಗಳು

ಶಾಸನ, ಕಡತ, ಹಸ್ತಪ್ರತಿಗಳ ಮೂಲಕ ಗತಕಾಲವನ್ನು ಅರಿಯುವುದು ಇತಿಹಾಸಕಾರರ ಮಾರ್ಗ. ಹಳೆಯ ಮನೆಯೊಂದರ ಹೊಸ್ತಿಲು ದಾಟಿ, ಅಥವಾ ಹಳೆಯ ಕಾಲದ ವೇಷ ತೊಟ್ಟವರ ನಡುವೆ ನಿಂತು, ಅದನ್ನು ಕಣ್ಣಾರೆ ಕಾಣಬೇಕು, ಕೈಯಾರೆ ಮುಟ್ಟಬೇಕು ಎಂಬ ಹಂಬಲ ಜನಸಾಮಾನ್ಯರದು. ಈ ಹಂಬಲವು ಅಮೆರಿಕದಲ್ಲಿ ಎರಡು ಸ್ಪಷ್ಟ ರೂಪಗಳನ್ನು ತಾಳಿದೆ. ಒಂದು, ವಸ್ತುಸಂಗ್ರಹಾಲಯವಾಗಿ ಮಾರ್ಪಟ್ಟ ಐತಿಹಾಸಿಕ ಮನೆ. ಇನ್ನೊಂದು, ರಿನೈಸಾನ್ಸ್ ಮೇಳ. ವಿದ್ವತ್ ವಲಯವು ಸಾಮಾನ್ಯವಾಗಿ ಮೊದಲನೆಯದನ್ನು ಗೌರವದಿಂದಲೂ ಎರಡನೆಯದನ್ನು ಉಪೇಕ್ಷೆಯಿಂದಲೂ ನೋಡುತ್ತ ಬಂದಿದೆ. ಈ ಶ್ರೇಣೀಕರಣವು ಎಷ್ಟರಮಟ್ಟಿಗೆ ಸಮಂಜಸ ಎಂಬುದನ್ನು ನಾವು ಇಲ್ಲಿ ಪರಿಶೀಲಿಸಲು ಉದ್ದೇಶಿಸಿದ್ದೇವೆ.

ಮೊದಲು ಮನೆಗಳನ್ನು ಗಮನಿಸೋಣ. ಜಾರ್ಜ್ ವಾಷಿಂಗ್ಟನ್ ಯುದ್ಧಕಾಲದಲ್ಲಿ ತಂಗಿದ್ದ ನ್ಯೂಬರ್ಗ್‌ನ ಮನೆಯನ್ನು ನ್ಯೂಯಾರ್ಕ್ ರಾಜ್ಯವು 1850ರಲ್ಲಿ ಸಂರಕ್ಷಣೆಗೆಂದು ತನ್ನ ವಶಕ್ಕೆ ತೆಗೆದುಕೊಂಡಿತು. ವರ್ಜೀನಿಯಾದಲ್ಲಿದ್ದ ಅವನ ಸ್ವಂತ ಮನೆ ಮೌಂಟ್ ವರ್ನನ್ ಆ ವೇಳೆಗೆ ಶಿಥಿಲವಾಗಿತ್ತು. ದಕ್ಷಿಣ ಕೆರೊಲಿನಾದ ಆ್ಯನ್ ಪಮೇಲಾ ಕನ್ನಿಂಗ್‌ಹ್ಯಾಮ್ 1853ರಲ್ಲಿ ಮಹಿಳೆಯರ ಸಂಘವೊಂದನ್ನು ಸ್ಥಾಪಿಸಿ, ದೇಶದಾದ್ಯಂತ ಚಂದಾ ಎತ್ತಿ, 1858ರಲ್ಲಿ 2,00,000 ಡಾಲರುಗಳಿಗೆ ಅದನ್ನು ಕೊಳ್ಳುವ ಒಪ್ಪಂದ ಮಾಡಿಕೊಂಡರು. ಮತದಾನದ ಹಕ್ಕೂ ಇಲ್ಲದಿದ್ದ ಸ್ತ್ರೀಯರು ರಾಷ್ಟ್ರದ ಸ್ಮೃತಿಯ ಪಾಲಕರಾದ ಈ ಘಟನೆ ತನ್ನಷ್ಟಕ್ಕೆ ಮಹತ್ತ್ವದ್ದು.

ಆದರೆ ಅವರು ಉಳಿಸಿದ್ದು ಯಜಮಾನನ ಮನೆಯನ್ನು. 1799ರಲ್ಲಿ ವಾಷಿಂಗ್ಟನ್ ತಾನೇ ತಯಾರಿಸಿದ ಪಟ್ಟಿಯ ಪ್ರಕಾರ ಮೌಂಟ್ ವರ್ನನ್ ಜಮೀನುಗಳಲ್ಲಿ 317 ಮಂದಿ ಗುಲಾಮರಾಗಿ ದುಡಿಯುತ್ತಿದ್ದರು. ನಡುಮನೆ, ಊಟದ ಕೋಣೆ, ಮಲಗುವ ಕೋಣೆಗಳನ್ನು ಸಂದರ್ಶಕರು ದಶಕಗಳ ಕಾಲ ಭಕ್ತಿಯಿಂದ ನೋಡಿ ಹೋದರು; ಆ ಊಟವನ್ನು ಬೇಯಿಸಿದವರ ಬದುಕು ಅವರ ನೋಟಕ್ಕೆ ಅಷ್ಟಾಗಿ ಬೀಳಲಿಲ್ಲ. ಗುಲಾಮರ ಸಮಾಧಿಭೂಮಿಯಲ್ಲಿ 1929ರಲ್ಲಿ ಒಂದು ಕಲ್ಲನ್ನಿಟ್ಟದ್ದುಂಟು. ಅವರ ನೆನಪಿಗೆ ಯೋಗ್ಯವಾದ ಸ್ಮಾರಕ ಎದ್ದು ನಿಂತದ್ದು 1983ರಲ್ಲಿ. ದಾಖಲೆ ಇರಲಿಲ್ಲವೆಂದು ಈ ಮೌನವನ್ನು ಸಮರ್ಥಿಸುವಂತಿಲ್ಲ. ಹೆಸರು, ವಯಸ್ಸು, ಕಸುಬುಗಳ ಸಹಿತ ಪಟ್ಟಿ ಮನೆಯ ಯಜಮಾನನ ಕೈಬರಹದಲ್ಲೇ ಇತ್ತು.

ವಿಲಿಯಮ್ಸ್‌ಬರ್ಗ್‌ನ ನಿದರ್ಶನ ಇನ್ನೂ ಸಂಕೀರ್ಣವಾದುದು. ವರ್ಜೀನಿಯಾ ವಸಾಹತಿನ ರಾಜಧಾನಿಯಾಗಿದ್ದ ಈ ಪಟ್ಟಣವನ್ನು ಹದಿನೆಂಟನೆಯ ಶತಮಾನದ ರೂಪಕ್ಕೆ ಮರಳಿಸುವ ಕಾರ್ಯವು ಪಾದ್ರಿ ಡಬ್ಲ್ಯೂ. ಎ. ಆರ್. ಗುಡ್ವಿನ್ ಅವರ ಪ್ರೇರಣೆಯಿಂದ, ಜಾನ್ ಡಿ. ರಾಕ್‌ಫೆಲ್ಲರ್ ಜೂನಿಯರ್ ಅವರ ಹಣದಿಂದ 1926ರಲ್ಲಿ ಆರಂಭವಾಯಿತು. 1781ರಲ್ಲಿ ಸುಟ್ಟುಹೋಗಿದ್ದ ರಾಜ್ಯಪಾಲರ ಅರಮನೆಯನ್ನು ಉತ್ಖನನದಲ್ಲಿ ದೊರೆತ ತಳಪಾಯ, ಜೆಫರ್ಸನ್ ಬರೆದಿಟ್ಟಿದ್ದ ನಕ್ಷೆ, ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿ ಸಿಕ್ಕ ತಾಮ್ರಫಲಕದ ಚಿತ್ರ ಇವುಗಳ ಆಧಾರದಿಂದ ಮತ್ತೆ ಕಟ್ಟಲಾಯಿತು. ಆಕರನಿಷ್ಠೆಯ ದೃಷ್ಟಿಯಿಂದ ಇದು ಮೆಚ್ಚತಕ್ಕ ಕೆಲಸವೇ ಸರಿ. ಆದರೆ ಒಂದು ಕಾಲವನ್ನು ಮರಳಿ ನಿಲ್ಲಿಸಲು ಅನಂತರದ ಕಾಲದ ನೂರಾರು ಕಟ್ಟಡಗಳನ್ನು ಕೆಡವಬೇಕಾಯಿತು. ಕಪ್ಪುಜನರು 1856ರಲ್ಲಿ ಕಟ್ಟಿಕೊಂಡಿದ್ದ ಫಸ್ಟ್ ಬ್ಯಾಪ್ಟಿಸ್ಟ್ ಇಗರ್ಜಿಯೂ 1950ರ ದಶಕದಲ್ಲಿ ನೆಲಸಮವಾಗಿ, ಆ ಜಾಗ ವಾಹನ ನಿಲ್ಲಿಸುವ ಅಂಗಳವಾಯಿತು. 2020ರಲ್ಲಿ ಅದೇ ಅಂಗಳವನ್ನು ಅಗೆಯಲು ತೊಡಗಿದಾಗ, ಅದಕ್ಕೂ ಹಿಂದಿನ ಇಗರ್ಜಿಯ ತಳಪಾಯ ಮಣ್ಣಿನಡಿಯಿಂದ ಹೊರಬಂದಿತು. 1770ರ ದಶಕದಲ್ಲಿ ಈ ಪಟ್ಟಣದ ಜನಸಂಖ್ಯೆಯ ಸುಮಾರು ಅರ್ಧಭಾಗ ಕಪ್ಪುಜನರೇ ಇದ್ದರೆಂಬುದನ್ನು ಗಮನಿಸಿದರೆ, ಅರಮನೆಗೆ ದೊರೆತ ಆಕರಶ್ರದ್ಧೆ ಇಗರ್ಜಿಗೆ ದೊರೆಯದಿದ್ದುದರ ಅರ್ಥ ಸ್ವಯಂವೇದ್ಯ.

ಇನ್ನು ಮೇಳದ ವಿಚಾರ. ವೇಷ ತೊಟ್ಟು ಗತಕಾಲವನ್ನು ಆಡಿ ತೋರಿಸುವ ಆಸೆ ಹೊಸತಲ್ಲ. ವಾಲ್ಟರ್ ಸ್ಕಾಟನ ಕಾದಂಬರಿಗಳಿಂದ ಮಧ್ಯಯುಗದ ಮೋಹ ಹಬ್ಬಿದ್ದ ಕಾಲದಲ್ಲಿ, 1839ರ ಆಗಸ್ಟ್‌ನಲ್ಲಿ, ಸ್ಕಾಟ್ಲೆಂಡಿನ ಎಗ್ಲಿಂಟನ್‌ನಲ್ಲಿ ಶ್ರೀಮಂತರು ಕವಚ ತೊಟ್ಟು ಕುದುರೆಯೇರಿ ಭರ್ಜಿಕಾಳಗಕ್ಕಿಳಿದರು. ಸುರಿದ ಜಡಿಮಳೆ ವೀರರನ್ನೂ ನೋಡಬಂದ ಭಾರೀ ಜನಸ್ತೋಮವನ್ನೂ ಕೆಸರಿನಲ್ಲಿ ನಿಲ್ಲಿಸಿತು. ಅಮೆರಿಕದ ರಿನೈಸಾನ್ಸ್ ಮೇಳದ ಹುಟ್ಟು ಇದಕ್ಕಿಂತ ಭಿನ್ನ. ಶಾಲಾಶಿಕ್ಷಕಿಯಾಗಿದ್ದ, ಮಕ್ಕಳ ರಂಗಭೂಮಿಯಲ್ಲಿ ತೊಡಗಿದ್ದ ಫಿಲಿಸ್ ಪ್ಯಾಟರ್ಸನ್ ಮತ್ತು ಅವರ ಪತಿ ರಾನ್ ಪ್ಯಾಟರ್ಸನ್ 1963ರ ಮೇ ತಿಂಗಳಲ್ಲಿ ಲಾಸ್ ಏಂಜಲೀಸ್‌ನಲ್ಲಿ, ಕೇಳುಗರ ಚಂದಾದಿಂದ ನಡೆಯುತ್ತಿದ್ದ ಕೆ.ಪಿ.ಎಫ್.ಕೆ. ಎಂಬ ಬಾನುಲಿ ಕೇಂದ್ರದ ಸಹಾಯಾರ್ಥವಾಗಿ ಎರಡು ದಿನಗಳ ಮೇಳವನ್ನು ನಡೆಸಿದರು. ಕಮ್ಯುನಿಸ್ಟರೆಂಬ ಶಂಕೆಗೊಳಗಾಗಿ ಚಿತ್ರರಂಗದಿಂದ ಹೊರದೂಡಲ್ಪಟ್ಟಿದ್ದ ಕೆಲವು ಕಲಾವಿದರೂ ಅದರ ಆರಂಭದ ದಿನಗಳಲ್ಲಿ ಕೈಜೋಡಿಸಿದ್ದರು. ಕಾರ್ಖಾನೆಯ ಸರಕಿಗೆ ಬದಲಾಗಿ ಕೈಕಸುಬಿನ ವಸ್ತು, ತೆರೆಯ ಮೇಲಿನ ಚಿತ್ರಕ್ಕೆ ಬದಲಾಗಿ ಬೀದಿಯ ಆಟ: ಹದಿನಾರನೆಯ ಶತಮಾನದ ವೇಷದಲ್ಲಿ ಅವರು ತಮ್ಮ ಕಾಲವನ್ನೇ ವಿಮರ್ಶಿಸುತ್ತಿದ್ದರು.

ಇತಿಹಾಸದ ದೃಷ್ಟಿಯಿಂದ ಮೇಳದ ಲೋಪಗಳನ್ನು ಎಣಿಸುವುದು ಸುಲಭ. ಹೆಸರು ರಿನೈಸಾನ್ಸ್ ಎಂದಿದ್ದರೂ ಅಲ್ಲಿ ಸಾಮಾನ್ಯವಾಗಿ ಕಾಣುವುದು ಇಟಲಿಯಲ್ಲ, ಒಂದನೆಯ ಎಲಿಜಬೆತ್ ರಾಣಿಯ ಇಂಗ್ಲೆಂಡು. ಆ ಮೊದಲ ಮೇಳಕ್ಕೆ ಸರಿಯಾಗಿ 400 ವರ್ಷಗಳ ಹಿಂದೆ, 1563ರಲ್ಲಿ, ಲಂಡನ್ನಿನಲ್ಲಿ ಪ್ಲೇಗು ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತ್ತು. ಮೇಳದ ಇಂಗ್ಲೆಂಡಿನಲ್ಲಿ ಪ್ಲೇಗಿಲ್ಲ, ಧರ್ಮದ ಹೆಸರಿನ ಶಿಕ್ಷೆಯಿಲ್ಲ, ಹಸಿವಿಲ್ಲ. ಆದರೂ ಮೇಳವು ತಾನು ವೇಷವೆಂಬುದನ್ನು ಎಂದೂ ಮರೆಮಾಚುವುದಿಲ್ಲ. ಸಂಜೆಗೆ ಕಿರೀಟ ಕಳಚಿಡುವ ರಾಣಿಯನ್ನು ಯಾರೂ ಪ್ರಮಾಣವೆಂದು ಉಲ್ಲೇಖಿಸುವುದಿಲ್ಲ. ಮನೆಯ ಸ್ಥಿತಿ ಹಾಗಲ್ಲ. ಅದರ ತೊಲೆ, ಇಟ್ಟಿಗೆ, ಪಾತ್ರೆಗಳು ನಿಜವಾದವು. ಆದಕಾರಣ ಅದು ಹೇಳದೆ ಬಿಟ್ಟದ್ದು ಇರಲೇ ಇಲ್ಲವೆಂಬ ನಂಬಿಕೆ ನೋಡುಗರಲ್ಲಿ ಸಹಜವಾಗಿ ಬೇರೂರುತ್ತದೆ. ವೇಷವೆಂದು ಒಪ್ಪಿಕೊಂಡ ಕಲ್ಪನೆಗಿಂತ ಸಾಕ್ಷ್ಯದ ಬೆಂಬಲ ಪಡೆದ ಮೌನವೇ ಇತಿಹಾಸಕ್ಕೆ ಹೆಚ್ಚು ಹಾನಿಕರ ಎಂಬುದು ನಮ್ಮ ಅಭಿಪ್ರಾಯ.

ಈ ಮೌನವನ್ನು ಮುರಿಯಲು ಮನೆಯು ಮೇಳದ ಉಪಾಯವನ್ನೇ ಆಶ್ರಯಿಸಬೇಕಾಯಿತೆಂಬುದು ಗಮನಾರ್ಹ. 1994ರ ಅಕ್ಟೋಬರ್ 10ರಂದು ವಿಲಿಯಮ್ಸ್‌ಬರ್ಗ್‌ನಲ್ಲಿ ಗುಲಾಮರ ಹರಾಜನ್ನು ಅಭಿನಯಿಸಿ ತೋರಿಸಲಾಯಿತು. ಅದನ್ನು ರೂಪಿಸಿದ ವಿಭಾಗದ ಮುಖ್ಯಸ್ಥೆ ಕ್ರಿಸ್ಟಿ ಕೋಲ್ಮನ್ ತಾವೇ ಹರಾಜಿಗೆ ನಿಂತ ಹೆಣ್ಣಿನ ಪಾತ್ರ ವಹಿಸಿದರು. ನೋವನ್ನು ಮನರಂಜನೆಯಾಗಿಸುವುದು ಸಲ್ಲದೆಂದು ಕಪ್ಪುಜನರ ಹಕ್ಕುಗಳ ಸಂಘಟನೆಗಳು ಸ್ಥಳದಲ್ಲೇ ಪ್ರತಿಭಟಿಸಿದವು. ಪ್ರತಿಭಟನೆಗೆ ಬಂದಿದ್ದ ನಾಯಕರಲ್ಲೊಬ್ಬರು ಪ್ರದರ್ಶನವನ್ನು ಕಂಡ ಮೇಲೆ ತಮ್ಮ ನಿಲುವನ್ನು ಬದಲಿಸಿಕೊಂಡರು. ಎರಡು ಪಕ್ಷಗಳಲ್ಲೂ ಸತ್ಯಾಂಶವಿತ್ತು. ನ್ಯೂಯಾರ್ಕಿನ ಟೆನಮೆಂಟ್ ವಸ್ತುಸಂಗ್ರಹಾಲಯವು 1988ರಲ್ಲಿ ಬೇರೊಂದು ದಾರಿ ಹಿಡಿಯಿತು. ಆರ್ಚರ್ಡ್ ಬೀದಿಯ 97ನೆಯ ಸಂಖ್ಯೆಯ ಆ ಕಟ್ಟಡ 1863ರಲ್ಲಿ ಕಟ್ಟಿದ ಬಾಡಿಗೆ ವಠಾರ. 1935ರವರೆಗೆ ಸುಮಾರು 7,000 ವಲಸಿಗರು ಅಲ್ಲಿ ಬಾಳಿದರು. ಮಹಾಪುರುಷನೊಬ್ಬನೂ ಹುಟ್ಟದ ಮನೆಯೂ ಐತಿಹಾಸಿಕವೆಂಬುದನ್ನು ಅದು ಸ್ಥಾಪಿಸಿತು.

ಈ ಚರ್ಚೆ ನಮಗೆ ದೂರದ್ದಲ್ಲ. ಚೆನ್ನೈ ಸಮೀಪದ ಮುಟ್ಟುಕಾಡಿನಲ್ಲಿ 1996ರಲ್ಲಿ ತೆರೆದ ದಕ್ಷಿಣಚಿತ್ರದಲ್ಲಿ ಇಳಕಲ್ಲಿನ ನೇಕಾರರ ಮನೆ ನಿಂತಿದೆ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಕಟ್ಟಿದ ಪಾರಂಪರಿಕ ಗ್ರಾಮದಲ್ಲಿ ಕುಕನೂರಿನ ಕಮಲಮಹಲು, ಮಿಯಾರಿನ ಮನೆ ಮೊದಲಾದವು ಬಿಚ್ಚಿ ತಂದು ಮತ್ತೆ ಜೋಡಿಸಿದ ರೂಪದಲ್ಲಿ ಉಳಿದಿವೆ. ಇಂಥ ಮನೆಗಳ ಮುಂದೆ ನಿಂತಾಗ ಸಂಶೋಧಕರು ಕಂಬದ ಕೆತ್ತನೆಯನ್ನಷ್ಟೇ ವಿವರಿಸಿದರೆ ಸಾಲದು. ಪಡಸಾಲೆಯವರೆಗೆ ಬರಬಲ್ಲವರಾರು, ಅಂಗಳದಲ್ಲೇ ನಿಲ್ಲಬೇಕಾಗಿದ್ದವರಾರು, ಹಿತ್ತಿಲ ಬಾಗಿಲಿನಿಂದ ಬರುತ್ತಿದ್ದವರಾರು, ಮಗ್ಗಕ್ಕೆ ಮುನ್ನಿನ ನೂಲಿನ ಕೆಲಸ ಯಾರದು ಎಂಬ ಪ್ರಶ್ನೆಗಳೂ ಮನೆಯ ಚರಿತ್ರೆಯ ಅಂಗಗಳೇ.

ಹೊರನಾಡ ಕನ್ನಡಿಗರ ಪಾಲಿಗೆ ಈ ಕೆಲಸ ಇನ್ನಷ್ಟು ತುರ್ತಿನದು. ಮುಂಬಯಿಗೆ ಹೋದ ಕನ್ನಡಿಗರಲ್ಲಿ ಅನೇಕರು ಬಾಳಿದ್ದು ತೊಟ್ಟಿಮನೆಗಳಲ್ಲಲ್ಲ, ಚಾಳಗಳ ಒಂಟಿಕೋಣೆಗಳಲ್ಲಿ, ಹೋಟೆಲುಗಳ ಹಿಂಬದಿಯಲ್ಲಿ. ಹಗಲು ದುಡಿದು ರಾತ್ರಿಶಾಲೆಯಲ್ಲಿ ಅಕ್ಷರ ಕಲಿತವರ ವಾಸಸ್ಥಾನಗಳವು. 1920ರ ದಶಕದಲ್ಲಿ ಕಟ್ಟಿದ ಬಿ.ಡಿ.ಡಿ. ಚಾಳಗಳು ಈಗ ಮರುನಿರ್ಮಾಣಕ್ಕಾಗಿ ತೆರವಾಗುತ್ತಿವೆ. ಅವುಗಳಂಥ ಕಟ್ಟಡಗಳೆಲ್ಲವನ್ನೂ ಉಳಿಸಬೇಕೆಂದು ನಾವು ಹೇಳುತ್ತಿಲ್ಲ. ವಾಸಿಸುವವರಿಗೆ ಒಳ್ಳೆಯ ಮನೆ ದೊರೆಯುವುದು ನ್ಯಾಯವೇ. ಗೋಡೆ ಬೀಳುವ ಮುನ್ನ ಕೋಣೆಯ ಅಳತೆ, ಒಲೆಯ ಸ್ಥಾನ, ಮಲಗುತ್ತಿದ್ದವರ ಸಂಖ್ಯೆ, ನೀರು ಹಿಡಿಯುವ ಸರದಿ, ಆಡುತ್ತಿದ್ದ ಕನ್ನಡದ ಬಗೆ ಇವು ದಾಖಲಾಗಬೇಕು. ಮೌಂಟ್ ವರ್ನನ್‌ನಲ್ಲಿ ಯಜಮಾನನ ಪಟ್ಟಿಯಾದರೂ ಇತ್ತು. ಈ ಕೋಣೆಗಳಿಗೆ ಅಂಥ ಪಟ್ಟಿ ಬರೆಯಬೇಕಾದವರು ನಾವೇ.