ಬೇರು ಕೆಸರಿನಲ್ಲಿದ್ದ ಕಾಲ

ನಮ್ಮ ತಾತ ನೀರಗಂಟಿ. ಬೆಂಗಳೂರಿನ ಅಂಚಿಗಿದ್ದ ನಮ್ಮೂರ ಕೆರೆಯ ತೂಬು ಎತ್ತಿ, ಸರದಿಯ ಮೇಲೆ ಗದ್ದೆಗಳಿಗೆ ನೀರು ಹಾಯಿಸುವುದು ಅವರ ಕೆಲಸ. ಸುಗ್ಗಿಯಲ್ಲಿ ಕಣದಿಂದ ಅವರ ಪಾಲಿನ ಭತ್ತ ಬರುತ್ತಿತ್ತು. ಕೆರೆಯ ಆಳವನ್ನು ಅವರು ಕೋಲು ಹಾಕಿ ಅಳೆದದ್ದನ್ನು ನಾನು ಕಾಣೆ. ಗಿಡ ನೋಡಿಯೇ ಹೇಳುತ್ತಿದ್ದರು. ಜೊಂಡಿದ್ದರೆ ಮೊಣಕಾಲುದ್ದ, ನೈದಿಲೆಯಿದ್ದರೆ ಸೊಂಟದುದ್ದ, "ಎಲೆಯೇ ಇಲ್ಲದ ಕಡೆ ಇಳೀಬೇಡ ಮಗಾ."

ಮುಂದೆ ಸಸ್ಯಶಾಸ್ತ್ರದ ಮೇಷ್ಟರಾಗಿ ನಾನು ತಾವರೆಯ ದಂಟನ್ನು ಅಡ್ಡಕ್ಕೆ ಕೊಯ್ದು ಮಕ್ಕಳಿಗೆ ತೋರಿಸುತ್ತಿದ್ದೆ. ಒಳಗೆಲ್ಲ ಉದ್ದುದ್ದ ಗಾಳಿಕೊಳವೆ. ಕೆಸರಿನಲ್ಲಿ ಬೇರಿಗೆ ಗಾಳಿ ಸಿಗದು. ನೆಲದ ಬಹುತೇಕ ಗಿಡಗಳ ಎಲೆಗೆ ಉಸಿರಿನ ರಂಧ್ರಗಳು ಹೆಚ್ಚಾಗಿ ಕೆಳಮೈಯಲ್ಲಿ, ತಾವರೆಗೆ ಮೇಲ್ಮೈಯಲ್ಲಿ. ಅಲ್ಲಿ ಹೊಕ್ಕ ಗಾಳಿ ದಂಟಿನೊಳಗೆ ಇಳಿದು ಗೆಡ್ಡೆ ಮುಟ್ಟುತ್ತದೆ. ಎಲೆಯ ಮೇಲೆ ಹನಿ ನಿಲ್ಲದ್ದನ್ನು ನಾವು ಅಂಟಿಯೂ ಅಂಟದ ಬಾಳಿಗೆ ಹೋಲಿಸುತ್ತೇವೆ. ಗಿಡಕ್ಕೆ ಅದು ಉಸಿರಿನ ಮಾತು.

ನಾನು ಕಾಲೇಜು ಸೇರುವ ಹೊತ್ತಿಗೆ ರಾಜಕಾಲುವೆ ಹಿಡಿದು ಕೊಳಚೆ ಬಂತು. ಹಿಂದೆಯೇ ನೇರಳೆ ಹೂವಿನ ಹೊಸ ಗಿಡ. ಅದು ಅಮೆಜಾನ್ ಸೀಮೆಯದು. 19ನೇ ಶತಮಾನದ ಕೊನೆಗೆ ಹೂವಿನ ಚೆಂದಕ್ಕೆ ಬಂಗಾಳಕ್ಕೆ ತಂದದ್ದು. ಅದನ್ನು ಕೀಳಿಸಲೆಂದೇ ಅಲ್ಲಿ 1936ರಲ್ಲಿ ಕಾನೂನು ಮಾಡಬೇಕಾಯಿತು. ಕೋಸಿನಂತೆ ತೇಲುವ ನಮ್ಮ ಹಳೆಯ ಅಂತರಗಂಗೆಯ ಹೆಸರನ್ನೇ ಊರವರು ಇದಕ್ಕೂ ಕೊಟ್ಟರು. ಉಬ್ಬಿದ ತೊಟ್ಟಿನಲ್ಲಿ ಗಾಳಿ ತುಂಬಿಕೊಂಡು ತೇಲುವ ಇದರ ಬೇರು ಕೆಸರು ಮುಟ್ಟಬೇಕಿಲ್ಲ, ಕೊಳಚೆಯ ಸಾರವನ್ನು ನೀರಿನಿಂದಲೇ ಹೀರುತ್ತದೆ. ಎರಡು ವಾರದಲ್ಲಿ ಇಮ್ಮಡಿಯಾಗಬಲ್ಲದು. ಬಿಸಿಲು ತಡೆದ ಆ ಹೊದಿಕೆಯ ಅಡಿಯಲ್ಲಿ ನಮ್ಮ ನೈದಿಲೆ ಕಾಣೆಯಾಯಿತು. ಕೆರೆಗಳ ಚರಿತ್ರೆ ಬರೆಯುವವರು ಏರಿ, ಕೋಡಿ, ಶಾಸನ ಹುಡುಕುತ್ತಾರೆ. ನಾನು ಮೊದಲು ಬೇರು ಎಲ್ಲಿದೆ ನೋಡುತ್ತೇನೆ.

1980ರ ದಶಕದಲ್ಲಿ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಇಂಥ ಕಳೆಗಳನ್ನಷ್ಟೇ ತಿನ್ನುವ ಸೊಂಡಿಲು ಹುಳುಗಳನ್ನು ಹೊರದೇಶದಿಂದ ತರಿಸಿ, ಪರೀಕ್ಷಿಸಿ ಬಿಟ್ಟರು. ಬೆಂಗಳೂರಿನ ಒಂದು ನೈದಿಲೆ ಕೊಳವನ್ನು ಸಾಲ್ವೀನಿಯಾ ಎಂಬ ತೇಲುಕಳೆ ಮುಚ್ಚಿತ್ತು. ಹುಳು ಬಿಟ್ಟು 11 ತಿಂಗಳಲ್ಲಿ ಕಳೆ ಕುಸಿಯಿತು, ಸೊರಗಿದ್ದ ನೈದಿಲೆ ಮತ್ತೆ ಚಿಗುರಿತು. ಅದನ್ನು ಓದಿದ ದಿನ ನನಗೆ ತಾತನ ನೆನಪಾಗಿ ಗಂಟಲು ಕಟ್ಟಿತು. ಕೆರೆ ಬತ್ತಿದರೂ ತಾವರೆ ಸಾಯಲ್ಲ ಎನ್ನುತ್ತಿದ್ದರು ಅವರು. ಚೀನಾದ ಬತ್ತಿದ ಕೆರೆಯಂಗಳದಲ್ಲಿ ಸಿಕ್ಕ ಸುಮಾರು 1300 ವರ್ಷ ಹಳೆಯ ತಾವರೆ ಬೀಜವೂ ಮೊಳೆತಿದೆ.

ಕಳೆದ ಬೇಸಿಗೆ ನಮ್ಮ ಕೆರೆಯ ಹೂಳೆತ್ತಿದರು. ಎರಡು ಬುಟ್ಟಿ ಕೆಸರು ತಂದು ಜಾಲಾಡಿದೆ. ಕಲ್ಲಿನಂಥ ನಾಲ್ಕು ಕರೀ ಬೀಜ ಸಿಕ್ಕವು. ಸಿಪ್ಪೆಯನ್ನು ಚಪ್ಪಡಿಗೆ ಉಜ್ಜಿ, ಹಿತ್ತಿಲ ತೊಟ್ಟಿಯ ನೀರಿಗೆ ಹಾಕಿದ್ದೇನೆ.