ಆರಂಭಕಾಲದ ಹಾಟ್ ರಾಡ್

ಅಗ್ಗದ ಹಳೆಯ ಕಾರನ್ನು ಬಿಚ್ಚಿ, ಬೇಡವಾದದ್ದನ್ನು ಕಿತ್ತೆಸೆದು, ಬೇರೆ ಕಾರುಗಳ ಬಿಡಿಭಾಗ ಕೂಡಿಸಿ ವೇಗಕ್ಕೆಂದೇ ಮತ್ತೆ ಕಟ್ಟಿದ ವಾಹನ ಹಾಟ್ ರಾಡ್. ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ 1930ರ ದಶಕದಲ್ಲಿ ಈ ಗೀಳು ಒಂದು ರೂಪ ಪಡೆಯಿತು. ಅಲ್ಲಿಂದ 1950ರ ದಶಕದ ನಡುವಿನವರೆಗಿನದನ್ನು ಸಾಮಾನ್ಯವಾಗಿ ಆರಂಭಕಾಲ ಎಂದು ಎಣಿಸುತ್ತಾರೆ. ಮಡ್‌ಗಾರ್ಡ್ ಇಲ್ಲದ ಬರಿಮೈ, ಮೂತಿ ತಗ್ಗಿಸಿದ ನಿಲುವು, ಹಿಂದೆ ದಪ್ಪ ಮುಂದೆ ಸಣಕಲು ಟಯರು: ಇಂದು ಇದೆಲ್ಲ ಷೋಕಿಯಾಗಿ ಕಾಣುತ್ತದೆ. ಹುಟ್ಟಿದ ಕಾಲಕ್ಕೆ ಅದರಲ್ಲಿ ಷೋಕಿಗಿಂತ ಲೆಕ್ಕಾಚಾರವೇ ಹೆಚ್ಚಿತ್ತು.

ಲಾಸ್ ಏಂಜಲೀಸಿನ ಉತ್ತರಕ್ಕೆ ಮೊಹಾವಿ ಮರುಭೂಮಿಯಲ್ಲಿ ಮ್ಯೂರಾಕ್, ರೋಸಮಂಡ್, ಹಾರ್ಪರ್, ಎಲ್ ಮಿರಾಜ್ ಎಂಬ ಒಣಕೆರೆಗಳಿವೆ. ಬಿಸಿಲಿಗೆ ಗಟ್ಟಿಯಾದ ಜೇಡಿಯ ನೆಲ, ಮೈಲಿಗಟ್ಟಲೆ ಸಪಾಟು. ಯುವಕರ ಕ್ಲಬ್ಬುಗಳು ಕೂಡಿ 1937ರಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್ ಕಟ್ಟಿಕೊಂಡವು; ಮರುವರ್ಷವೇ ಅದರ ಓಟಗಳು ಶುರುವಾದವು. ಇಲ್ಲಿ ಪೈಪೋಟಿ ಗಡಿಯಾರದ ಜೊತೆ. ದಾಖಲಾದ ವೇಗವನ್ನು ಕೆತ್ತಿದ ಪುಟ್ಟ ಹಿತ್ತಾಳೆ ತಗಡು ಡ್ಯಾಶ್‌ಬೋರ್ಡಿಗೆ ಏರುತ್ತಿತ್ತು. ಭಾನುವಾರ ಕೆರೆಯಂಗಳದಲ್ಲಿ ಓಡಿದ ಕಾರಿನಲ್ಲೇ ಅನೇಕರು ಸೋಮವಾರ ಕೆಲಸಕ್ಕೂ ಹೋಗಬೇಕಿತ್ತು. ಹಾಗಾಗಿ ಓಟಕ್ಕೆ ಮುನ್ನ ಮುಂಗಾಜು, ಹೆಡ್‌ಲೈಟುಗಳನ್ನು ಬಿಚ್ಚಿಡುವುದು, ಪಕ್ಕದ ಸೀಟಿನ ಮೇಲೆ ಗಾಳಿ ನುಗ್ಗದಂತೆ ಟಾರ್ಪಾಲು ಬಿಗಿಯುವುದು, ಓಟ ಮುಗಿದ ಮೇಲೆ ಎಲ್ಲವನ್ನೂ ಮತ್ತೆ ಕೂರಿಸಿ ಊರಿಗೆ ಮರಳುವುದು ರೂಢಿಯಾಯಿತು. ಆ ಕಾಲದ ಕಾರುಗಳ ಬಿಡುಬೀಸಾದ ಸರಳತೆಗೆ ಈ ಬಿಚ್ಚಿ ಜೋಡಿಸುವ ಕೆಲಸವೂ ಒಂದು ಕಾರಣ.

ಮಡ್‌ಗಾರ್ಡ್ ಕಿತ್ತದ್ದು ತೂಕ ಇಳಿಸಲು, ಗಾಳಿಯ ತಡೆ ತಗ್ಗಿಸಲು. ಮಡಚುವ ಬಟ್ಟೆ ಮಾಡಿನ ರೋಡ್‌ಸ್ಟರ್ ಕಾರನ್ನೇ ಆರಿಸಿಕೊಂಡದ್ದು ಅದು ಹಗುರ, ಹಳೆಯದಾದರೆ ಬಲು ಅಗ್ಗ ಎಂಬ ಕಾರಣಕ್ಕೆ. ಸಾಲದ್ದಕ್ಕೆ, ಗಟ್ಟಿ ಛಾವಣಿಯ ಕೂಪೆಗಳಿಗೆ ಅಸೋಸಿಯೇಷನ್ನಿನ ಓಟಗಳಲ್ಲಿ ಮೊದಮೊದಲು ಪ್ರವೇಶವೇ ಇರಲಿಲ್ಲ. ಎರಡನೆಯ ಮಹಾಯುದ್ಧದ ನಂತರ ರಸೆಟ್ಟಾ ಟೈಮಿಂಗ್ ಅಸೋಸಿಯೇಷನ್ ಅವಕ್ಕೂ ಜಾಗ ಕೊಟ್ಟಿತು. ಕೂಪೆಯ ಕಂಬಗಳನ್ನು ಕೆಲವು ಅಂಗುಲ ಕತ್ತರಿಸಿ ಛಾವಣಿ ಇಳಿಸಿದರೆ ಗಾಳಿಗೆ ಎದುರಾಗುವ ಮೈ ಕಿರಿದಾಗುತ್ತದೆ. ಒಳಗೆ ಕೂತವನು ಕತ್ತು ಬಗ್ಗಿಸಬೇಕಾಗುತ್ತಿತ್ತು, ಅದು ಬೇರೆ ಮಾತು.

ಕಚ್ಚಾ ಸಾಮಗ್ರಿಯೆಲ್ಲ ಬಹುಮಟ್ಟಿಗೆ ಫೋರ್ಡ್ ಕಂಪನಿಯದು. 1908ರಿಂದ 1927ರವರೆಗೆ ತಯಾರಾದ ಮಾಡೆಲ್ ಟಿ ಕಾರುಗಳ ಸಂಖ್ಯೆ ಒಂದೂವರೆ ಕೋಟಿ. ಗುಜರಿಯಲ್ಲಿ ಅವಕ್ಕೆ ಬರವಿರಲಿಲ್ಲ. ಅದರ ನಂತರ ಮಾಡೆಲ್ ಎ ಬಂತು. 1932ರಲ್ಲಿ ಸಾಮಾನ್ಯರ ಕೈಗೆಟಕುವ ಬೆಲೆಗೆ ಫೋರ್ಡ್ ವಿ-8 ಎಂಜಿನ್ ಕೊಟ್ಟಾಗ ಲೆಕ್ಕವೇ ಬದಲಾಯಿತು: 221 ಘನ ಅಂಗುಲ, 65 ಅಶ್ವಶಕ್ತಿ. ಆ ವರ್ಷದ ಕಾರಿಗೆ 'ಡ್ಯೂಸ್' ಎಂಬ ಅಡ್ಡಹೆಸರು ಬಿತ್ತು. ಅದರ ಚಾಸಿಯ ಪಕ್ಕದ ತೊಲೆ ಕಾರ್ಖಾನೆಯಿಂದ ಬಂದಾಗಲೇ ಹೊರಗೆ ಕಾಣುವಂತಿದ್ದು, ಅದರ ಮೇಲೆ ಒತ್ತಿ ಮೂಡಿಸಿದ ಒಂದು ಚೆಂದದ ಗೆರೆ ಇತ್ತು. ಮಡ್‌ಗಾರ್ಡ್ ತೆಗೆದರೆ ಬೇರೆ ಕಾರುಗಳು ರೆಕ್ಕೆ ತರಿದ ಕೋಳಿಯಂತೆ ಕಾಣುತ್ತವೆ. ಡ್ಯೂಸ್ ಮಾತ್ರ ಹಾಗೆಯೇ ಹುಟ್ಟಿದಂತೆ ಕಾಣುತ್ತದೆ. ಮಾಡೆಲ್ ಎ ಬಾಡಿಯನ್ನು ಡ್ಯೂಸ್ ಚಾಸಿಯ ಮೇಲೆ ಕೂರಿಸುವುದೂ ಜನಪ್ರಿಯವಾಗಿತ್ತು. ಬಾಡಿ ಹಗುರ, ಚಾಸಿ ವಿ-8 ಹೊರಬಲ್ಲದ್ದು.

ಮುಂದಕ್ಕೆ ಬಾಗಿದ ನಿಲುವಿಗೆ ಕಾರಣ ಎರಡು. ಹಿಂದಿನ ಟಯರು ದೊಡ್ಡದಾದಷ್ಟೂ ಎಂಜಿನ್ನಿನ ಅದೇ ಸುತ್ತಿಗೆ ಕಾರು ಹೆಚ್ಚು ದೂರ ಸಾಗುತ್ತದೆ, ಗೇರ್ ಬದಲಿಸದೆಯೇ ಗರಿಷ್ಠ ವೇಗ ಏರುತ್ತದೆ. ಮುಂದಿನದು ಚಿಕ್ಕದಾದರೆ ತೂಕವೂ ಗಾಳಿಯ ತಡೆಯೂ ಕಡಿಮೆ. ಇದಲ್ಲದೆ ಮುಂದಿನ ಆಕ್ಸಲನ್ನು ಕಾಯಿಸಿ, ಅದರ ತುದಿಗಳು ಮೇಲೆ, ನಡುಭಾಗ ಕೆಳಗೆ ಬರುವಂತೆ ಬಗ್ಗಿಸುತ್ತಿದ್ದರು. ಪಟ್ಟೆ ಸ್ಪ್ರಿಂಗನ್ನು ಹಾಳುಗೆಡವದೆ ಮೂತಿ ತಗ್ಗುತ್ತಿತ್ತು. ಸ್ಯಾನ್ ಡಿಯಾಗೊದ ಎಡ್ ಸ್ಟುವರ್ಟ್ ಈ ಕೆಲಸದಲ್ಲಿ ಹೆಸರುವಾಸಿ. ಓಟ ಹೆಚ್ಚಿದಂತೆ ನಿಲ್ಲಿಸುವ ಚಿಂತೆಯೂ ಹೆಚ್ಚಿತು. ಫೋರ್ಡ್ 1939ರಲ್ಲಿ ಹೈಡ್ರಾಲಿಕ್ ಬ್ರೇಕಿಗೆ ಬದಲಾದದ್ದೇ ತಡ, ಆ ಬ್ರೇಕುಗಳು ಹಳೆಯ ಕಾರುಗಳಿಗೆ ವಲಸೆ ಬಂದವು.

ಬಾನೆಟ್ಟಿನ ಮೇಲೆ ಸಾಲುಸಾಲಾಗಿ ಕೊರೆದ ಗಾಳಿಸೀಳುಗಳ ಗುಟ್ಟು ಎಂಜಿನ್ನಿನಲ್ಲಿದೆ. ಫೋರ್ಡ್‌ನ ಈ ಫ್ಲಾಟ್‌ಹೆಡ್ ವಿ-8ರಲ್ಲಿ ವಾಲ್ವುಗಳು ಬ್ಲಾಕಿನೊಳಗೇ ಇವೆ. ಸುಟ್ಟ ಹೊಗೆ ಬ್ಲಾಕಿನ ನೀರಿನ ಕೋಣೆಗಳ ನಡುವೆ ಹಾದು ಹೊರಬರಬೇಕು. ಪ್ರತಿ ಬದಿಯಲ್ಲಿ ಸಿಲಿಂಡರು ನಾಲ್ಕು, ಹೊಗೆಯ ಬಾಯಿ ಮೂರೇ, ನಡುವಿನ ಎರಡಕ್ಕೆ ಒಂದೇ ದಾರಿ. ನೀರು ಕುದಿಯದೆ ಇನ್ನೇನಾದೀತು? ಸೀಳುಗಳು ಆ ಕಾವನ್ನು ಹೊರಹಾಕುವ ಉಪಾಯ. ಶಕ್ತಿ ಹೆಚ್ಚಿಸಲು ಕಾರ್ಖಾನೆಯ ಒಂದು ಕಾರ್ಬುರೇಟರಿನ ಜಾಗದಲ್ಲಿ ಎರಡು ಸ್ಟ್ರೊಂಬರ್ಗ್ 97, ಅವನ್ನು ಹೊರಲು ಹೊಸ ಮ್ಯಾನಿಫೋಲ್ಡ್, ಅಲ್ಯೂಮಿನಿಯಂ ಹೆಡ್. ವಿಕ್ ಎಡೆಲ್‌ಬ್ರಾಕ್ ತನ್ನ 1932ರ ರೋಡ್‌ಸ್ಟರನ್ನೇ ಪ್ರಯೋಗಶಾಲೆ ಮಾಡಿಕೊಂಡು ಇಂಥ ಮ್ಯಾನಿಫೋಲ್ಡ್ ರೂಪಿಸಿದ. 1941ರಲ್ಲಿ ರೋಸಮಂಡ್ ಕೆರೆಯಲ್ಲಿ ಆ ಕಾರು ಗಂಟೆಗೆ 120 ಮೈಲಿ ದಾಟಿತು.

ಎರಡನೆಯ ಮಹಾಯುದ್ಧದಿಂದ ಮರಳಿದ ಯೋಧರು ಯಂತ್ರದ ಕೈಚಳಕವನ್ನೂ ತಂದರು. ವಿಮಾನದ ಹೆಚ್ಚುವರಿ ಇಂಧನ ಟ್ಯಾಂಕಿಗೇ ಚಕ್ರ ಹಾಕಿ ಓಡಿಸಿದ ಬಿಲ್ ಬರ್ಕ್ ಆ ಕಾಲದವನು. 1948ರ ಜನವರಿಯಲ್ಲಿ ರಾಬರ್ಟ್ ಪೀಟರ್ಸನ್ 'ಹಾಟ್ ರಾಡ್' ಪತ್ರಿಕೆ ತೆಗೆದ. ಮರುವರ್ಷ ಬಾನವಿಲ್ ಉಪ್ಪುಬಯಲಿನಲ್ಲಿ ವೇಗಸಪ್ತಾಹ ಆರಂಭವಾಯಿತು. 1955ರಲ್ಲಿ ಷೆವ್ರೊಲೆಯ ಹಗುರ ವಿ-8 ಬಂದ ಮೇಲೆ ಫ್ಲಾಟ್‌ಹೆಡ್ಡಿನ ಆಟ ಮುಗಿಯುತ್ತ ಬಂತು.

ಇಂದು 'ಕಾಲಕ್ಕೆ ತಕ್ಕ' ಹಾಟ್ ರಾಡ್ ಕಟ್ಟುವವರು ಒಂದು ಇಸವಿ ಹಿಡಿದುಕೊಂಡು, ಅದರ ನಂತರದ ಬೋಲ್ಟೂ ಬೇಡ ಎನ್ನುತ್ತಾರೆ. ರೇಡಿಯಲ್ ಟಯರು, ಆಲ್ಟರ್ನೇಟರು ಕಂಡರೆ ಮೂಗು ಮುರಿಯುತ್ತಾರೆ. ಆರು ವೋಲ್ಟ್ ಬ್ಯಾಟರಿಯ ಮಂಕು ದೀಪವನ್ನೂ ಸಹಿಸಿಕೊಳ್ಳುತ್ತಾರೆ. ಇದು ಅತಿಯೆನಿಸಿದರೂ, ಬೇಕೆಂದೇ ತುಕ್ಕು ಹಿಡಿಸಿ ನೆಲಕ್ಕೆ ತಾಗುವಷ್ಟು ಇಳಿಸಿದ 'ರ‍್ಯಾಟ್ ರಾಡ್'ಗಳಿಗಿಂತ ಚರಿತ್ರೆಗೆ ಹತ್ತಿರ. ಆ ಕಾಲದಲ್ಲಿ ಪ್ರೈಮರ್ ಬಣ್ಣದಲ್ಲೇ ಓಡಾಡಿದವರು ಇದ್ದರು ನಿಜ. ಆದರೆ ಅವರ ಬಾಡಿ ಕೆಲಸ ಇನ್ನೂ ಮುಗಿದಿರಲಿಲ್ಲ, ಅಥವಾ ಕೈಯಲ್ಲಿ ಕಾಸಿರಲಿಲ್ಲ.

ಇಸವಿಗಿಂತ ಕಾರಣವನ್ನು ನೋಡಬೇಕು ಎಂಬುದಕ್ಕೆ ಆರಂಭಕಾಲದ ಹಾಟ್ ರಾಡ್ ಗೀಳಿನ ಡೋನ್ ಸ್ಪೆನ್ಸರನ 1932ರ ರೋಡ್‌ಸ್ಟರ್ ಸಾಕ್ಷಿ. ವಿ ಆಕಾರದ ಡುವಾಲ್ ಮುಂಗಾಜಿನ ಈ ಕಾರು ನೆಲಕ್ಕೆ ಅಂಟಿಕೊಂಡಿಲ್ಲ. ಮೆಕ್ಸಿಕೊದ ಕರೇರಾ ಪಾನ್‌ಅಮೆರಿಕಾನಾ ರಸ್ತೆ ಓಟದಲ್ಲಿ ತಳ ತಾಗಬಾರದೆಂದು ಸ್ಪೆನ್ಸರ್ ಅದನ್ನು ಎತ್ತರವಾಗಿಸಿ, ಸೈಲೆನ್ಸರಿನ ಕೊಳವೆಗಳನ್ನು ಚಾಸಿಯ ತೊಲೆಯೊಳಗೇ ಹಾಯಿಸಿದ್ದ. ಕಾರು ಆ ಓಟಕ್ಕೆ ಹೋಗಲಿಲ್ಲ. 1954ರ ನಂತರ ಆ ಓಟವೇ ನಿಂತಿತು. 1997ರಲ್ಲಿ ಪೆಬಲ್ ಬೀಚ್ ಕಾರು ಪ್ರದರ್ಶನ ಮೊದಲ ಸಲ ಹಾಟ್ ರಾಡ್‌ಗಳಿಗೆ ಪ್ರತ್ಯೇಕ ವಿಭಾಗ ತೆರೆದಾಗ ಪ್ರಥಮ ಬಹುಮಾನ ಇದರ ಪಾಲಾಯಿತು.