ಬಿಲ್ಲೆ ಅಣುಗಳ ದ್ರವಸ್ಫಟಿಕ: ಬೆಂಗಳೂರಿನ ಕೊಡುಗೆ

ದ್ರವದಂತೆ ಹರಿಯುತ್ತಲೇ ಸ್ಫಟಿಕದ ಶಿಸ್ತನ್ನೂ ಒಂದಿಷ್ಟು ಉಳಿಸಿಕೊಳ್ಳುವ ಸ್ಥಿತಿಯೇ ದ್ರವಸ್ಫಟಿಕ. ವಸ್ತು ಹಾಗಾಗಬೇಕಾದರೆ ಅದರ ಅಣು ಕಡ್ಡಿಯಂತೆ ಉದ್ದವಾಗಿರಬೇಕು ಎಂಬುದು ವಿಜ್ಞಾನಿಗಳು ಬಹುಕಾಲ ನಂಬಿದ್ದ ಮಾತು. 1888ರಲ್ಲಿ ಆಸ್ಟ್ರಿಯಾದ ಸಸ್ಯವಿಜ್ಞಾನಿ ರೈನಿಟ್ಸರ್ ಎರಡು ಕರಗುಬಿಂದುಗಳಿರುವ ದ್ರವಸ್ಫಟಿಕ ವಸ್ತುವೊಂದನ್ನು ಕಂಡಂದಿನಿಂದ ಸುಮಾರು ತೊಂಬತ್ತು ವರ್ಷ ಆ ನಂಬಿಕೆಯೇ ನಡೆದುಬಂತು. ಅದು ಬದಲಾದದ್ದು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ.

ಆ ಕೆಲಸದ ಹಿಂದಿದ್ದವರು ಎಸ್. ಚಂದ್ರಶೇಖರ್. ಸರ್ ಸಿ.ವಿ. ರಾಮನ್ನರ ಸೋದರಳಿಯ. 1961ರಲ್ಲಿ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಭೌತಶಾಸ್ತ್ರ ಪ್ರಾಧ್ಯಾಪಕರಾಗಿ ಬಂದ ಅವರು ದ್ರವಸ್ಫಟಿಕಗಳ ಬೆನ್ನುಹತ್ತಿದ್ದು ಅಲ್ಲಿಯೇ. 1971ರಲ್ಲಿ ಬೆಂಗಳೂರಿಗೆ ಬಂದು ಪ್ರಯೋಗಾಲಯ ಕಟ್ಟಿದಾಗ ಭೌತವಿಜ್ಞಾನಿಗಳ ಜೊತೆಗೆ ರಸಾಯನವಿಜ್ಞಾನಿಗಳನ್ನೂ ಒಂದೇ ಸೂರಿನಡಿ ಸೇರಿಸಿದರು. ಬೇಕಾದ ಅಣುವನ್ನು ಹೊರಗಿನಿಂದ ತರಿಸದೆ ಇಲ್ಲೇ ತಯಾರಿಸಿಕೊಳ್ಳುವ ಈ ಏರ್ಪಾಡೇ ಮುಂದಿನ ಶೋಧಕ್ಕೆ ದಾರಿ ಮಾಡಿತು.

ಬಿ.ಕೆ. ಸದಾಶಿವ ಮತ್ತು ಕೆ.ಎ. ಸುರೇಶ್ ಅವರೊಂದಿಗೆ ಚಂದ್ರಶೇಖರ್ ಆರಿಸಿಕೊಂಡದ್ದು ಬೆಂಜೀನ್ ಉಂಗುರದ ಆರೂ ಮೂಲೆಗಳಿಗೆ ಇಂಗಾಲದ ಸರಪಳಿ ಜೋಡಿಸಿದ ಚಪ್ಪಟೆ ಅಣುಗಳನ್ನು. ಅವುಗಳಲ್ಲೊಂದಾದ ಹೆಪ್ಟನೊಯೇಟ್ ಸುಮಾರು 81 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಆದರೆ ಸಾಮಾನ್ಯ ದ್ರವವಾಗುವುದು 87ರ ಹತ್ತಿರ. ನಡುವಿನ ಆ ಐದಾರು ಡಿಗ್ರಿಯಲ್ಲೇ ಇದ್ದದ್ದು ಹೊಸ ಸ್ಥಿತಿ. ಕ್ಷ-ಕಿರಣ ಹಾಯಿಸಿ ನೋಡಿದಾಗ ಅಣುಗಳು ಪೇರಿಸಿಟ್ಟ ನಾಣ್ಯಗಳಂತೆ ಕಂಬಗಳಾಗಿ ನಿಂತಿದ್ದವು. ಕಂಬಗಳು ತಮ್ಮತಮ್ಮಲ್ಲಿ ಷಟ್ಕೋನದ ಶಿಸ್ತು ಪಾಲಿಸಿದ್ದರೂ ಕಂಬದೊಳಗಿನ ಅಣುಗಳ ಅಂತರಕ್ಕೆ ಕ್ರಮವಿರಲಿಲ್ಲ. ಒಂದು ದಿಕ್ಕಿಗೆ ದ್ರವ, ಉಳಿದೆರಡು ದಿಕ್ಕಿಗೆ ಸ್ಫಟಿಕ!

ಇಷ್ಟು ದೊಡ್ಡ ಶೋಧವನ್ನು ಅವರು ವಿದೇಶಿ ಪತ್ರಿಕೆಗೆ ಕಳಿಸಲಿಲ್ಲ. ಭಾರತೀಯ ವಿಜ್ಞಾನ ಅಕಾಡೆಮಿಯ ‘ಪ್ರಮಾಣ’ದಲ್ಲಿ 1977ರಲ್ಲಿ ಅಚ್ಚಾಯಿತು, ಜಗತ್ತೇ ಅದನ್ನು ಹುಡುಕಿ ಓದಿತು. ಮುಂದೆ ಟ್ರೈಫಿನಿಲೀನ್‌ನಂಥ ಬಿಲ್ಲೆ ಅಣುಗಳ ಸಾವಿರಾರು ಸಂಯುಕ್ತಗಳು ತಯಾರಾದವು. 1990ರ ದಶಕದಲ್ಲಿ ಜಪಾನಿನ ಫ್ಯೂಜಿ ಕಂಪನಿ ಇಂಥ ಅಣುಗಳಿಂದ ಮಾಡಿದ ತೆಳುಪದರವನ್ನು ಎಲ್‌ಸಿಡಿ ಪರದೆಗಳಿಗೆ ಅಳವಡಿಸಿತು. ಪಕ್ಕದಿಂದ ನೋಡಿದರೂ ಚಿತ್ರ ಮಸುಕಾಗದಿರಲು ಅದು ನೆರವಾಯಿತು.

1996ರಲ್ಲಿ ಟೋಕಿಯೋದ ವಿಜ್ಞಾನಿಗಳು ಬಾಗಿದ ಅಣುಗಳ ಪದರಗಳಲ್ಲಿ ವಿದ್ಯುತ್ ಧ್ರುವೀಕರಣ ತೋರಿಸಿಕೊಟ್ಟಾಗ ಮತ್ತೊಂದು ಬಾಗಿಲು ತೆರೆಯಿತು. ಸದಾಶಿವ ಅವರ ತಂಡ ಆ ಬಗೆಯ ಅಣುಗಳನ್ನೂ ಬೆಂಗಳೂರಿನಲ್ಲಿ ತಯಾರಿಸಿತು. ಚಂದ್ರಶೇಖರ್ ನಿವೃತ್ತಿಯ ನಂತರ ಜಾಲಹಳ್ಳಿಯಲ್ಲಿ ದ್ರವಸ್ಫಟಿಕ ಸಂಶೋಧನಾ ಕೇಂದ್ರ ಸ್ಥಾಪಿಸಿದರು, 2004ರಲ್ಲಿ ತೀರಿಕೊಂಡರು. ಆ ಕೇಂದ್ರವೇ ಇಂದಿನ ನ್ಯಾನೊ ಮತ್ತು ಮೃದು ದ್ರವ್ಯ ವಿಜ್ಞಾನ ಕೇಂದ್ರ.

‘ಪ್ರಮಾಣ’ದ ಆ ಲೇಖನ ಕೆಲವೇ ಪುಟಗಳದ್ದು. ನಮ್ಮ ಕಾಲೇಜುಗಳಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ ಓದುವ ಮಕ್ಕಳ ಕೈಗೆ ಅಧ್ಯಾಪಕರು ಅದನ್ನು ಕೊಡಬೇಕು.